ಬಾಡಿಗೆ ಕೋಟು

ಮುಖ ನೋಡಿ ಕೊಂಡವನಲ್ಲ ನಾನು.
ಬಂದರಿನ ಗುಜರಿಯಲ್ಲಿ, ತುಕ್ಕು ತಕ್ಕಡಿಯ ಅಡಿಗೆ
ಇದಿನಬ್ಬ ಹರವಿಟ್ಟ ರಟ್ಟಿನ ಪಟಗಳಲ್ಲಿ
ಮೊದಲು ಕಂಡದ್ದು ಕಾಲರು.
ನಲವತ್ತು ವರ್ಷ ಕೊರಳಿಗೆ ಟೇಪು ಹಾಕಿಕೊಂಡವನ ಕಣ್ಣು
ಬೇರೆಲ್ಲಿಗೆ ಹೋದೀತು?

ಎಡಭುಜ ಅರ್ಧ ಇಂಚು ಇಳಿದಿದೆ.
ಒಳಗಿನವನದ್ದು ಬೇರೆ ಅಳತೆ.

"ಇದು ಮೊಟ್ಟೆಯ ಕಾಗದ," ಎಂದ ಇದಿನಬ್ಬ,
"ಬಿಳಿ ಲೋಳೆ ಸವರಿ, ಬೆಳ್ಳಿಯ ನೀರಿಗೆ ಅದ್ದಿ, ಬಿಸಿಲಿಗಿಟ್ಟು ಬರಿಸುತ್ತಿದ್ದರಂತೆ.
ನೂರಿಪ್ಪತ್ತು ವರ್ಷ ಆಗಿರಬಹುದು ಮಾರಾಯ್ರೇ, ನೂರಿಪ್ಪತ್ತು ಕೊಡಿ."
ವರ್ಷಕ್ಕೊಂದು ರೂಪಾಯಿ. ಕೊಟ್ಟೆ.

ಎರಡನೆಯದು ಸಿಕ್ಕಿದ್ದು ಕದ್ರಿಯ ಒಂದು ಹರಾಜಿನಲ್ಲಿ,
ಮೂರನೆಯದು ಉರ್ವದಲ್ಲಿ, ಕಪಾಟಿನ ಬೆನ್ನಿಗೆ ಮೊಳೆ ಹೊಡೆದು.
ಅದೇ ಕೋಟು. ಅದೇ ಇಳಿದ ಭುಜ.
ಒಳಗೆ ಬೇರೆ ಮನುಷ್ಯ.

ಈಗ ನನ್ನಲ್ಲಿ ಏಳು ಮಂದಿ.
ಒಬ್ಬನಿಗೆ ಜುಟ್ಟು, ಒಬ್ಬನ ಕೊರಳಲ್ಲಿ ಶಿಲುಬೆ,
ಒಬ್ಬ ಮುಂಡಾಸಿನ ಗತ್ತಿನಲ್ಲಿ ಗದ್ದ ಎತ್ತಿದವ,
ಒಬ್ಬ ಹುಡುಗ, ತೋಳಿನೊಳಗೆ ಬೆರಳೇ ಮುಳುಗಿದವ.
ಬೀದಿಯಲ್ಲಿ ಒಬ್ಬರ ನೆರಳು ಒಬ್ಬರಿಗೆ ಸೋಕಬಾರದ ಕಾಲ.
ಬೆವರು ಮಾತ್ರ ಒಂದೇ ಅಸ್ತರಿಗೆ.

ತಾರೀಕು ಯಾರೂ ಬರೆದಿಲ್ಲ. ನಾನು ಗುಂಡಿ ಎಣಿಸುತ್ತೇನೆ.
ಐದಿದ್ದರೆ ಮೊದಲಿನವ.
ನಾಲ್ಕಾದದ್ದು ಮುಂಡಾಸಿನವನ ಹೊಟ್ಟೆಯ ಉಪಕಾರ.
ಹುಡುಗನ ಹೊತ್ತಿಗೆ ಎದೆಯ ಮೇಲೆ ಬೇರೆ ಜಾತಿಯ ಗುಂಡಿ,
ಎರಡೇ ತೂತಿನದ್ದು; ಹೊಲಿದವರಿಗೆ ಗಂಟು ಹಾಕಲು ಬರುತ್ತಿರಲಿಲ್ಲ.

ಕಾಲು ಕಾಣುವ ಐವರ ಹಿಂದೆಯೂ
ಹಿಮ್ಮಡಿಯ ಬಳಿ ಒಂದು ಕಬ್ಬಿಣದ ಪಾದ,
ತಲೆ ಅಲುಗದಂತೆ ಹಿಡಿಯುವ ಕವೆಗೋಲಿನದ್ದು.
ಮಿಕ್ಕೆರಡು ಬರಿಗಾಲು.
ಸ್ಟುಡಿಯೊದಲ್ಲಿ ಕೋಟು ಇತ್ತು, ಬೂಟು ಇರಲಿಲ್ಲ.

ಆಟಿಯಲ್ಲಿ ಬೂಷ್ಟು ಹಿಡಿಯುತ್ತದೆ. ಒಣ ಮಲ್ಲಿನಲ್ಲಿ ಒರೆಸುತ್ತೇನೆ,
ಮುಖ ಬಿಟ್ಟು ಸುತ್ತ.
"ಕಂಡವರ ಅಜ್ಜಂದಿರನ್ನು ತಂದು ಕೂರಿಸಿದ್ದೀರಿ,
ಊಟ ಕೇಳಿದರೆ?" ಎನ್ನುತ್ತಾಳೆ ಇವಳು.

ಮೊನ್ನೆ ಬೋಳಾರದಿಂದ ಜಲಜಾಕ್ಷಿ ಎಂಬವರು ಬಂದರು,
ರವಕೆಗೆ ಅಳತೆ ಕೊಡಲಿಕ್ಕಲ್ಲ.
ಮುತ್ತಜ್ಜ ಹಂಚಿನ ಕಾರ್ಖಾನೆಯಲ್ಲಿ ಇದ್ದವರಂತೆ,
ಒಂದೇ ಒಂದು ಸಲ ಪಟ ತೆಗೆಸಿದ್ದರಂತೆ,
ಕೋಟು ಹಾಕಿದ್ದರಂತೆ.
ಅಷ್ಟೇ ಗೊತ್ತು. ಕೋಟು.

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಏಳೂ ಜನರನ್ನು ಸಾಲಾಗಿಟ್ಟೆ.
ಗುರುತು ಏನಾದರೂ ಉಂಟಾ?
"ಎಡಗಾಲಿನ ಕಿರುಬೆರಳು ಇರಲಿಲ್ಲ. ಹಂಚಿನ ಅಚ್ಚು ಬಿದ್ದು."

ಭೂತಗನ್ನಡಿ ಹಿಡಿದೆವು.
ಇಬ್ಬರು ಮೊಣಕಾಲಿಗೇ ಮುಗಿದಿದ್ದರು.
ನಾಲ್ವರಿಗೆ ಹತ್ತು ಹತ್ತು ಬೆರಳು, ಎಣಿಸಿ ನೋಡಿದ್ದು.
ಉಳಿದವನ ಎಡಪಾದ ಬರೀ ಹೊಗೆ.
ತಲೆಗೆ ಕವೆ ಇತ್ತು, ಕಾಲಿಗೆ ಯಾರು ಹಿಡಿದಾರು?
ಎಣಿಕೆ ಮುಗಿಯುವ ಮೊದಲೇ ಅಲುಗಿಸಿದ್ದಾನೆ.

"ಇವರೇ," ಎಂದರು.
ಬೆರಳೇ ಕಾಣುವುದಿಲ್ಲವಲ್ಲ, ಅಂದೆ.
"ಅದಕ್ಕೇ. ತೋರಿಸಲಿಕ್ಕೆ ನಾಚಿಕೆ ಆಗಿರ್ತದೆ."

ರಟ್ಟು ತಿರುಗಿಸಿದೆವು. ಪೆನ್ಸಿಲಿನಲ್ಲಿ, ಮಾಸಿ:
ಕೋಟಿನ ಬಾಬ್ತು ಎರಡಾಣೆ. ಬಾಕಿ.

ಅವರು ಪರ್ಸು ತೆರೆದು ಹತ್ತರ ನೋಟೊಂದನ್ನು ಸೀಮೆಸುಣ್ಣದ ಪಕ್ಕ ಇಟ್ಟರು.
ಪಟಕ್ಕೆ ಅಂತ ತಿಳಿದು ಬೇಡವೆಂದೆ, ಹಾಗೇ ಒಯ್ಯಿರಿ ಎಂದೆ
(ಯಾರಿಗೂ ಒಂದು ಕೊಟ್ಟವನಲ್ಲ ನಾನು).
"ಪಟ ಇಲ್ಲೇ ಇರಲಿ. ಇಲ್ಲಿ ಅವರಿಗೆ ಜನ ಉಂಟು.
ಇದು ಕೋಟಿನದ್ದು."

ಯಾರಿಗೆ ಸಲ್ಲಿಸುವುದು?
ಮೊಂತೇರೊ ಸ್ಟುಡಿಯೊ ಇತ್ತೆನ್ನುವ ಜಾಗದಲ್ಲಿ
ಮೊಬೈಲಿನ ಕವರು ಮಾರುತ್ತಾರೆ.
ಬಾಕಿ ಎಂಬುದನ್ನು ಅಳಿಸಲೆಂದು ರಬ್ಬರು ಹುಡುಕಿದೆ, ಸಿಕ್ಕಿತು,
ಅಳಿಸಲಿಲ್ಲ.

ಇವತ್ತು ಬೆಳಿಗ್ಗೆ ಗುಂಡಿಯ ಡಬ್ಬ ನೆಲಕ್ಕೆ ಸುರುವಿ ಕೂತೆ.
ಕಪ್ಪು, ಕೊಂಬಿನದ್ದು, ನಾಲ್ಕು ತೂತು.
ಒಂದಿತ್ತು. ಹೆಚ್ಚುಕಡಿಮೆ ಅದೇ ಅಳತೆ.
ಜೇಬಿಗೆ ಹಾಕಿಕೊಂಡೆ.