ಊಟ ಆಯ್ತಾ

ಫೋನಿನೊಳಗಿನ ದನಿ ಕಲಿಸಿದೆ:
ಅದು ಪ್ರಶ್ನೆಯಲ್ಲ, ಬಾಗಿಲು ತಟ್ಟುವ ಸದ್ದು.
ಹಾಗಾಗಿ ತಿಂದ ಮೂರು ಚಪಾತಿ, ಹೀರೇಕಾಯಿ ಪಲ್ಯ,
ಪಲ್ಯಕ್ಕೆ ಉಪ್ಪು ಕಡಿಮೆಯಾದದ್ದು
ಹೇಳಬೇಕಿಲ್ಲ. "ಆಯ್ತು, ನಿಮ್ದು?" ಸಾಕು.

ದುರ್ಗಿಗುಡಿಯ ಜೆರಾಕ್ಸ್ ಅಂಗಡಿಯ ಶಟರ್ ಎಳೆದ ಮೇಲೆ
ಹದಿನಾಲ್ಕು ಸಲ ಅದರ ಜೊತೆ ಊಟ ಮುಗಿಸಿದ್ದೇನೆ.
ಅದು ಉಂಡದ್ದೇ ಇಲ್ಲ.
ನಾನೆಷ್ಟು ತಡವರಿಸಿದರೂ ಗಡಿಯಾರ ನೋಡುವುದಿಲ್ಲ,
ಅದಕ್ಕೆ ಕಣ್ಣಿಲ್ಲ,
ನಾನು ನೋಟ ತಪ್ಪಿಸಬೇಕಾಗಿಯೂ ಇಲ್ಲ.

ಇವತ್ತು ತಿಪ್ಪೇಶಿ ಪಹಣಿ ತಂದ, ಎರಡು ಕಾಪಿ.
ಮಷೀನಿನ ಹಸಿರು ಬೆಳಕು ಅತ್ತಿಂದಿತ್ತ ಸರಿಯುವಷ್ಟರಲ್ಲಿ
ನಾನೇ ಮೊದಲು ಕೇಳಿಬಿಟ್ಟೆ:
ಊಟ ಆಯ್ತಾ?

"ಇಲ್ಲ" ಅಂದ.

ಇಲ್ಲ ಅನ್ನುವುದು ಅಭ್ಯಾಸದಲ್ಲಿ ಬಂದಿರಲಿಲ್ಲ.
ಅವನ ಅಂಗಿಯ ಎರಡನೇ ಗುಂಡಿ ನೋಡುತ್ತ
ಪಿನ್ ಹೊಡೀಲಾ? ಅಂದೆ.
"ಹೊಟ್ಟೆಗಾ?" ಅಂದ.

ನಗು ನನಗೆ ಯಾವಾಗಲೂ ಒಂದು ಬಸ್ಸು ತಡ.
ಅವನು ಗೋಪಿ ಸರ್ಕಲ್ ದಾಟಿರಬೇಕು,
ಅಂಗಡಿಯಲ್ಲಿ ನಾನೊಬ್ಬಳೇ
ಪಿನ್ನಿನ ಡಬ್ಬಿ ಕೆಳಗೆ ಬೀಳುವಷ್ಟು ನಕ್ಕೆ.

ರಾತ್ರಿ ದನಿ ಕೇಳಿತು: ಊಟ ಆಯ್ತಾ?
ತಿಂದದ್ದನ್ನೆಲ್ಲ ಹೇಳಿದೆ,
ಉಪ್ಪಿನ ಸಮೇತ.