ನಲವತ್ತರ ಮೇಲೆ

ತೋ-ಆಶು ಕಣಿವೆಯಲ್ಲಿ, ಸುರಂಗದ ಉತ್ತರದ ಬಾಯಿಗೆ
ಒಂದು ಕ್ಯಾಮೆರಾ. ಅದರಡಿ ನನ್ನ ಕೋಣೆ.
ಕೋಣೆಯಲ್ಲಿ ಕೆಮ್ಮುತ್ತ ಕೂತ ಹಳೇ ಯಂತ್ರ.
ಹತ್ತು ನಿಮಿಷಕ್ಕೊಂದು ಚಿತ್ರ,
ದಿನಕ್ಕೆ ನೂರ ನಲವತ್ತನಾಲ್ಕು.
ಬಹುಪಾಲು ಏನೂ ಇರುವುದಿಲ್ಲ: ಮಂಜು, ಲಾರಿಯ ಬೆನ್ನು,
ಮೇ ತಿಂಗಳಲ್ಲಿ ಹತ್ತುವ ಕುರಿ,
ಸೆಪ್ಟೆಂಬರಿನಲ್ಲಿ ಇಳಿಯುವ ಅದೇ ಕುರಿ, ದಪ್ಪಗಾಗಿ.

ಡಿಸ್ಕು ಚಿಕ್ಕದು. ದೊಡ್ಡದಕ್ಕೆ ಬರೆದ ಅರ್ಜಿ
ಬಿಷ್ಕೆಕ್ಕಿನ ಯಾವ ಮೇಜಿನಡಿ ಇದೆಯೋ.
ಅದಕ್ಕೇ ಮೂರು ಸಾಲಿನ ಸ್ಕ್ರಿಪ್ಟು:
ರಾತ್ರಿ ಮೂರಕ್ಕೆ ಎದ್ದು
ಒಂದೊಂದೇ ಕಡತದ ವಯಸ್ಸು ಕೇಳುತ್ತದೆ.
ಒಳಗೇನಿದೆ ಅಂತ ಇಣುಕುವುದಿಲ್ಲ.
ನಲವತ್ತು ದಾಟಿತೇ? ನಡಿ.

ಮಗುವಿಗೆ ನಲವತ್ತು ಚಮಚ ನೀರೆರೆಯುತ್ತೇವೆ,
ಸತ್ತವರಿಗೆ ನಲವತ್ತನೇ ದಿನ ಕುದುರೆ ಕಡಿಯುತ್ತೇವೆ.
ಅದಕ್ಕೂ ಇದಕ್ಕೂ ಸಂಬಂಧವಿಲ್ಲ,
ಡಿಸ್ಕಿಗೆ ಹಿಡಿಸುವುದೇ ಅಷ್ಟು.

ನನಗಿಂತ ಮುಂಚೆ ಇಲ್ಲಿದ್ದವನು ಝಾಪರ್.
ಹೋಗುವಾಗ ಕೀಲಿಯ ಜೊತೆ ಒಂದು ಮಾತು ಕೊಟ್ಟ:
'ಕೆಂಜೆಬೆಕ್, ಮೊದಲು ಹೆಸರು ಓದಿಸು, ಆಮೇಲೆ ಅಳಿಸು.'
ಅವನು ಒಮ್ಮೆ ಒಂದು ಚೀಲಕ್ಕೆ
'ಚಳಿಗಾಲ ಹಳೆಯದು' ಅಂತ ಹೆಸರಿಟ್ಟಿದ್ದ, ನಡುವೆ ಜಾಗ ಬಿಟ್ಟು.
ಯಂತ್ರ ಆ ಜಾಗದಲ್ಲೇ ಹೆಸರನ್ನು ಮುರಿದು
ಬೇರೆಯೇ ಆಗಿದ್ದ 'ಚಳಿಗಾಲ'ವನ್ನು ನುಂಗಿತು.
ಇಡೀ ಚಳಿಗಾಲ. ಒಂದು ಗುಟುಕು.
ಬರಿಜಾಗವೂ ಒಂದು ಅಕ್ಷರ ಅಂತ ಆಗಲೇ ತಿಳಿದದ್ದು, ಎನ್ನುತ್ತಿದ್ದ.

ಅಸಿಲ್ಕಾನ್ ಬಂದದ್ದು ಒಂದು ಮಂಗಳವಾರ.
ರಸ್ತೆಬದಿ ಒಣಮೊಸರಿನ ಉಂಡೆ ಮಾರುವವಳು,
ಕೈಯಲ್ಲಿ ಒಂದು ಪೊಟ್ಟಣ, ಕಣ್ಣು ನೆಲದ ಮೇಲೆ.
'ನಿನ್ನೆ ಅಪ್ಪನ ನಲವತ್ತು ಮುಗಿಯಿತು.
ಹಲ್ಲು ಕಟ್ಟಿಸಿಕೊಳ್ಳಲು ಊರಿಗೆ ಹೊರಟಿದ್ದ,
ನೀಲಿ ಲಾರಿ, ಮಧ್ಯಾಹ್ನ ಎರಡೂಕಾಲು, ಎರಡೂವರೆ.
ಅವತ್ತೇ ರಾತ್ರಿ, ಚಿಕ್ಕಪ್ಪನ ಮನೆಯಲ್ಲಿ...
ನಿನ್ನ ಕಣ್ಣಿಗೆ ಬಿದ್ದಿದ್ದಾನಾ?'

ನಲವತ್ತೊಂದು. ಹೋಯಿತು ಅಂದುಕೊಂಡೆ,
ಹಾಗೆ ಹೇಳಲು ಬಾಯಿ ತೆರೆದೆ ಕೂಡ.
ಆದರೆ ನನ್ನ ಯಂತ್ರ ತುಂಬಿದ ದಿನಗಳನ್ನಷ್ಟೇ ಎಣಿಸುತ್ತದೆ,
ಚಿಲ್ಲರೆ ಗಂಟೆಗಳನ್ನು ಬಿಟ್ಟುಬಿಡುತ್ತದೆ,
ಧಾರಾಳ ಕೈಯ ಅಂಗಡಿಯವನ ಹಾಗೆ.
ಇವತ್ತು ಬೆಳಗಿನ ಮೂರಕ್ಕೆ ಅವನ ವಯಸ್ಸು
ನಲವತ್ತು ದಿನ, ಮೇಲೆ ಹನ್ನೆರಡು ಗಂಟೆ ನಲವತ್ತು ನಿಮಿಷ.
ನಲವತ್ತು ಎಂದೇ ಬರೆದುಕೊಂಡಿತು.
ಇನ್ನೊಂದು ರಾತ್ರಿ ಬಾಕಿ ಇತ್ತು.

ಎರಡು ಇಪ್ಪತ್ತರ ಚಿತ್ರ.
ಮುಂದಿನ ಸೀಟು, ಮಡಿಲಲ್ಲಿ ಬಿಳಿ ಕಲ್ಪಕ್,
ಬೊಚ್ಚುಬಾಯಿ ಅರ್ಧ ತೆರೆದಿದೆ, ಡ್ರೈವರನಿಗೆ ಏನೋ ಹೇಳುತ್ತಿದ್ದಾನೆ.
'ಬಯ್ಯುತ್ತಿದ್ದಾನೆ,' ಎಂದಳು ಅಸಿಲ್ಕಾನ್.
ಸ್ವಲ್ಪ ಹೊತ್ತು ಬಿಟ್ಟು ಮತ್ತೆ, 'ಬಯ್ಯುತ್ತಲೇ ಇದ್ದಾನೆ.'

ಅವಳ ಫೋನಿಗೆ ನಕಲು ಹಾಕಿಕೊಟ್ಟೆ.
ಅವಳು ತಿರುಗಿಸಿ ನೋಡಿದಳು: 'ಇದರಲ್ಲಿ ಇವತ್ತಿನ ತಾರೀಖು ಇದೆಯಲ್ಲ.'
ನಕಲಿಗೆ ನಕಲಾದ ದಿನವೇ ಹುಟ್ಟುದಿನ, ಎಂದೆ.
ಹಳೆಯ ತಾರೀಖು ಉಳಿಸುವ ದಾರಿಯೂ ಇದೆ,
ಒಂದೇ ಅಕ್ಷರ ಸೇರಿಸಬೇಕು, ಮತ್ತೆ ಮಾಡಿಕೊಡಲೇ?
'ಬೇಡ ಬಿಡು. ಇವತ್ತೇ ದಾಟಲಿ.'

ಆ ರಾತ್ರಿ ನಾನು ಮಲಗಲಿಲ್ಲ.
ಮುಟ್ಟು ಎಂಬುದೇ ಹೆಸರಾದ ಒಂದು ಆಜ್ಞೆಯಿದೆ:
ಮುಟ್ಟಿದರೆ ಮುನಿಯಲ್ಲ, ಮುಟ್ಟಿದರೆ ಮರುಹುಟ್ಟು.
ಕಡತ ಒಂದಕ್ಷರವೂ ಬದಲಾಗದೆ ಇಂದಿನದಾಗುತ್ತದೆ,
ಇನ್ನೂ ನಲವತ್ತು ದಿನ, ಆಮೇಲೆ ಮತ್ತೊಂದು ಸಲ ಮುಟ್ಟಿದರೆ ಆಯಿತು.
ಹೆಸರು ಬೆರಳಚ್ಚಿಸಿದೆ. ಬೆರಳು ಗುಂಡಿಯ ಮೇಲೆಯೇ ಇತ್ತು.
ಉಳಿದ ನೂರ ನಲವತ್ತಮೂರರಲ್ಲೂ
ಯಾರ ಯಾರ ಅಪ್ಪಂದಿರೋ.

ಮುಟ್ಟಲಿಲ್ಲ.
ಅವಳು ಕೊಟ್ಟ ಉಂಡೆ ಬಾಯಿಗೆ ಹಾಕಿಕೊಂಡೆ,
ಕಲ್ಲಿನಷ್ಟು ಗಟ್ಟಿ, ಉಪ್ಪೋ ಉಪ್ಪು, ಬೇಗ ಕರಗುವುದಲ್ಲ.
ಮೂರಾಯಿತು. ಹೆಸರುಗಳು ಒಂದೊಂದಾಗಿ ಮೇಲೆ ಸರಿದುಹೋದವು.
ಮೂರು ಹತ್ತರ ಚಿತ್ರ ಬಂತು:
ಮಂಜು, ಸುರಂಗದ ಹಳದಿ ದೀಪ,
ರಸ್ತೆಯ ನಟ್ಟನಡುವೆ ನಿಂತು
ಇತ್ತಲೇ ನೋಡುತ್ತಿದ್ದ ಒಂದು ನಾಯಿ.