ಬಾಕಿ ಮೂರು ಸಾವಿರ

ದಸ್ತಗೀರ ನದಾಫ ಒಂದು ಹಾಳಿ ಕೊಟ್ಟ, ರೇಟಿನ ಹಾಳಿ:
ನಾಕು ಕಿಟಕಿ, ಎರಡು ಪದರಿನ ಗಾಜು, ರಬ್ಬರಿನ ಅಂಚು,
ಹಳೇದು ಕೀಳೂ ಮಜೂರಿ ಬ್ಯಾರೆ, ಸಿಮೆಂಟು ನಿಮ್ದು.
ಹಾಳ್ಯಾಗ ಇಲ್ಲದ್ದೊಂದು ಸಾಲು ಬಾಯಿಲೆ ಅಂದ:
"ಒಳಗ ನೀವು, ಹೊರಗ ಬೆಟಗೇರಿ.
ಒಬ್ಬರಿಗೊಬ್ಬರ ಗುರ್ತ ಹತ್ತಂಗಿಲ್ರಿ, ಸಿಸ್ಟರ್ರ."

ನನಗ ಬೇಕಾದದ್ದೂ ಅಷ್ಟ.
ರಾತ್ರಿ ಎಂಟಕ್ಕ ಹೋಗಿ ಮುಂಜಾನಿ ಎಂಟಕ್ಕ ಬರೂ ಕೆಲಸ.
ನಾ ಹಾಸಗಿ ಬಿಚ್ಚೂ ಹೊತ್ತಿಗೆ ಎದುರುಮನಿ ತುಳಜಾಬಾಯಿ
ಮಗ್ಗದ ಸ್ವಿಚ್ ಒತ್ತತಾಳ.
ಖಟ್ ಖಟಕ್, ಖಟ್ ಖಟಕ್.
ಹನ್ನೊಂದು ವರ್ಷದ ನನ್ನ ನಿದ್ದಿ
ಆಕಿ ಸೀರಿಯೊಳಗ ಅಡ್ಡ ಎಳಿಯಾಗಿ ಹೋಗೇದ.
ಯಾರ್ಯಾರು ಉಟ್ಟಾರೋ ಏನೋ.

ಶುಕ್ರವಾರ ಬರ್ತೀನಿ ಅಂದಾಂವ ಮುಂದಿನ ಬುಧವಾರ ಬಂದ,
ಟೇಪು ಮರತು ಬಂದ.
ನನ್ನ ಹೊಲಿಗಿ ಟೇಪಿಲೆ ಅಳದ. ಅದರ ಮೊದಲಿನ ಇಂಚು
ಎಂದೋ ಹರದು ಹೋಗಿತ್ತು.
"ಒಂದು ಇಂಚು ಕಳದು ಬರಕೋ" ಅಂದ ಹುಡುಗ ಮುದಕಪ್ಪಗ.
ಅಡ್ವಾನ್ಸ ಇಸ್ಕೊಂಡ, ಎಣಿಸಲಿಲ್ಲ.
"ನಮ್ಮಜ್ಜ ಹತ್ತಿ ಹಿಂಜತಿದ್ದರಿ. ಬಿಲ್ಲು ಮೀಟಿದರ
ಈ ವರ್ಷ ಯಾರ ಮನ್ಯಾಗ ಮದುವಿ ಅಂತ ಓಣಿಗೆಲ್ಲಾ ತಿಳೀತಿತ್ತು.
ನಾ ಸಪ್ಪಳದ ಪೈಕಿ ಅಲ್ಲ. ಸಪ್ಪಳ ಇಲ್ಲದ್ದು ಮಾರಾಂವ."

ಹಳೇ ಕಿಟಕಿ ಕೀಳೂ ದಿನ
ಹಲ್ಲು ಕಿತ್ತಂಗ ನಡುಗಿತು ಗ್ವಾಡಿ.
ಚೌಕಟ್ಟಿನ ಬೆನ್ನ ಮ್ಯಾಲೆ ಯಾವನೋ ಬಡಿಗ್ಯಾ ಪೆನ್ಸಿಲಿಲೆ ಬರದಿದ್ದ:
'ತಲಿ ಈ ಕಡೆ'. ಒಂದು ಬಾಣ.
ಐವತ್ತು ವರ್ಷ ಯಾರೂ ಓದಿರಲಿಲ್ಲ,
ತಲಿ ಈ ಕಡೆನ ಇತ್ತು.

ಕಿತ್ತ ಮ್ಯಾಲೆ ದಸ್ತಗೀರ ಮಾಯ.
ಗಾಜು ಹುಬ್ಬಳ್ಳಿಯಿಂದ ಬರಬೇಕು, ಗಾಡಿ ಅಣ್ಣಿಗೇರ್ಯಾಗ ಪಂಚರ್,
ಅತ್ತಿಮನ್ಯಾಗ ಶಾದಿ, ಆಮ್ಯಾಲೆ ಫೋನು ಸ್ವಿಚಾಫ್.
ಒಂಬತ್ತು ದಿನ ಮನಿಗೆ ನಾಕು ತೂತು.
ಕಪ್ಪತಗುಡ್ಡದ ಗಾಳಿ ಕೇಳದ ಒಳಗ ಬಂತು,
ಅಡಿಗಿಮನಿ ಅರಿಷಿಣ ಪಡಸಾಲಿಗೆ ತಂತು,
ಕ್ಯಾಲೆಂಡರ್ ತಾನ ತಿಂಗಳಾ ತಿರುವಿತು.
ತುಳಜಾಬಾಯಿ ಓಣಿ ದಾಟಿ ಬಂದು
ತೂತಿನಾಗ ಕೈ ಹಾಕಿ ವಾಟಗದಾಗ ಸಾರು ಕೊಟ್ಲು.
"ಮಗ್ಗ ಬಂದ್ ಮಾಡ್ಲೇನವಾ, ಮಲಗ್ತಿ?"
ಹನ್ನೊಂದು ವರ್ಷಕ್ಕ ಮೊದಲ ಸಲ ಕೇಳಿದ್ಲು.
ಬ್ಯಾಡ ಅಂದೆ. ಯಾಕ ಅಂದೆನೋ.

ಹತ್ತನೇ ದಿನ ಕಿಟಕಿ ಕೂತವು. ಒಂದು ಇಂಚು ಸಣ್ಣವು.
ಹುಡುಗನೂ ಕಳದಿದ್ದ, ಇಂವನೂ ಕಳದಿದ್ದ.
ಸಂದಿಗೆ ಬುರುಗು ತುಂಬಿ
ದಸ್ತಗೀರ ಹಿಡಿಕಿ ತಿರುವಿದ.
ಖಟ್
ಒಳಗ ಬಂತು. ಖಟಕ್ ಹೊರಗ ಉಳೀತು.

ಅವತ್ತು ಮಲಗಿದೆ. ಕಣ್ಣು ಮುಚ್ಚಿದೆ. ಎದ್ದು ಕೂತೆ.

ಇಪ್ಪತ್ತಾರು ಹಾಸಗಿಯ ವಾರ್ಡಿನಾಗ ರಾತ್ರಿ ಮೂರಕ್ಕ
ಕೆಮ್ಮು ಇರತದ, ನರಳಿಕಿ, ಗೊರಕಿ,
ಯಾರೋ ಸತ್ತ ಗಂಡನ್ನ ಬೈಯೋದು.
ಅವು ಇರೂತನಕ ನಾ ಕುರ್ಚಿ ಬಿಟ್ಟು ಏಳಂಗಿಲ್ಲ.
ಓಡೋದು ಒಂದು ಹಾಸಗಿ ಸುಮ್ಮನಾದಾಗ.
ಮನಿ ಸುಮ್ಮನಾಗಿತ್ತು.
ಕಾಲು ತಾವ ಚಪ್ಪಲಿ ಹುಡುಕತಿದ್ದವು.

ಕದಾ ತಗದು ಓಣಿಗೆ ಹೋಗಿ ನೋಡಿದೆ:
ತುಳಜಾಬಾಯಿ ಕೂತಿದ್ಲು, ಲಾಳಿ ಓಡತಿತ್ತು.
"ಏನಾತ?" ಅಂದ್ಲು.
"ಏನಿಲ್ಲ. ಸುಮ್ನ ನೋಡಿ ಹೋಗೂಣಂತ."

ಈಗ ಒಂದು ಕಿಟಕಿ ಒಂದು ಬೆರಳು ತಗದಿಟ್ಟು ಮಲಗತೀನಿ.
ಎರಡು ಪದರಿಗೆ ಸುರದ ರೊಕ್ಕೆಲ್ಲಾ
ಆ ಬೆರಳಗಲದಾಗ ಹರದು ಹೋತು ಅಂತ ಅಕ್ಕ ಬೈತಾಳ. ಬೈಲಿ.
ಹಳೇ ಚೌಕಟ್ಟು ಹಿತ್ತಲದಾಗ ಹೀರಿ ಬಳ್ಳಿಗೆ ಆಸರ,
ಬಾಣ ನೋಡಿ ನಿಲ್ಲಿಸೀನಿ.
ದಸ್ತಗೀರನ ಬಾಕಿ ಮೂರು ಸಾವಿರ
ಸಕ್ಕರಿ ಡಬ್ಬಿ ಕೆಳಗ ಅದ.
ಶುಕ್ರವಾರ ಬರ್ತೀನಿ ಅಂದಾನ.